ಡೋಲು ಹಿಡಿದ ಹುಲಿಗೆಮ್ಮ

ಒಂದಾನೊಂದು ಕಾಲದಲ್ಲಿ, ನನ್ನಜ್ಜಿಯ ಅಜ್ಜಿಗೂ ಇನ್ನೂ ಹಾಲುಹಲ್ಲು ಇದ್ದಾಗ, ದೊಂಬರಾಟ ಆಡೋ ಹುಲಿಗೆಮ್ಮ ಅಂತ ಒಬ್ಬಳಿದ್ದಳಂತೆ. ಹಗ್ಗದ ಮೇಲೆ ನಡೆದ್ಲು ಅಂದ್ರೆ ಮನೆ ಅಂಗಳದಲ್ಲಿ ನಡೆದಂಗೆ. ಕೆಳಗೆ ಗಂಡ ಡೋಲು ಬಡಿಯೋನಂತೆ. ಅವರಲ್ಲೊಂದು ಕಟ್ಟು ಇತ್ತು, ಮೇಲಿರೋರು ಕೆಳಗೆ ನೋಡಂಗಿಲ್ಲ, ಡೋಲು ಹೇಳಿದಂಗೆ ಹೆಜ್ಜೆ ಇಡಬೇಕು, ಡೋಲು ನಿಂತ್ರೆ ನಿಂತುಬಿಡಬೇಕು. ನೀನು ಮಲಗಿದಲ್ಲೇ ಕಾಲಾಡಿಸಬೇಡ್ವೇ, ಹೊದಿಕೆ ಜಾರುತ್ತೆ.

ಆಮೇಲೆ ಏನಾಯ್ತಪ್ಪಾ ಅಂದ್ರೆ, ಗಂಡ ಜ್ವರ ಬಂದು ತೀರ್ಕೊಂಡ, ಅದೇ ವರ್ಷ ಹುಲಿಗೆಮ್ಮನೂ ಬಿದ್ದು ಮಂಡಿ ಮುರ್ಕೊಂಡ್ಲಂತೆ. ಇನ್ನು ಹಗ್ಗ ಹತ್ತೋ ಹಂಗಿಲ್ಲ. ಮಗಳು ಸುಂಕಿ, ಗೇಣುದ್ದದ ಹುಡುಗಿ, ಅವ್ವಾ ನಾನು ಹತ್ತತೀನಿ, ನೀನು ಡೋಲು ಬಡಿ ಅಂದ್ಲಂತೆ. ಮೇಲೆ ಮೆರೆದೋಳು ನಾನು, ಈಗ ಕೆಳಗೆ ಕೂತು ಬಡೀಬೇಕಾ, ಥೂ, ಅಂತ ಹುಲಿಗೆಮ್ಮ ಮುಖ ತಿರುಗಿಸಿದ್ಲಂತೆ. ಜಟ್ಟಿ ಬಿದ್ರೂ ಮೀಸೆ ಮಣ್ಣಾಗಲಿಲ್ಲ ಅಂತಾರಲ್ಲ, ಹಂಗೆ!

ಮೊದಲನೇ ಊರಲ್ಲಿ ಡೋಲು ಮುಟ್ಟಲೇ ಇಲ್ಲ. ದಾರಿಹೋಕ ಯಾವನೋ ಬಡಿದ, ಸುಂಕಿ ತೂರಾಡ್ಕೊಂಡು ಹೆಂಗೋ ದಾಟಿದ್ಲಂತೆ. ಎರಡನೇ ಊರಲ್ಲಿ ಜನ ಛೀ ಥೂ ಅಂದಮೇಲೆ ಹುಲಿಗೆಮ್ಮ ಡೋಲು ಹಿಡಿದ್ಲು. ಹಿಡಿದೋಳು ಕಣ್ಮುಚ್ಕೊಂಡು, ತಾನೇ ಮೇಲಿದೀನಿ ಅಂದ್ಕೊಂಡು, ತನ್ನ ಕಾಲಿನ ಲೆಕ್ಕಕ್ಕೇ ಬಡಿದ್ಲಂತೆ. ಅವಳದು ದಾಪುಗಾಲು, ಮಗಳದು ಗುಬ್ಬಿ ಹೆಜ್ಜೆ. ಅಯ್ಯೋ ಶಿವನೇ, ಸುಂಕಿ ಕಾಲು ಜಾರಿ ಒಂದೇ ಕೈಲಿ ನೇತಾಡಿಬಿಟ್ಲಂತೆ! ಇಳಿದ ಮೇಲೆ ಅಳಲಿಲ್ಲ ಮಗು. ಅವ್ವಾ, ನೀನು ಯಾರಿಗೆ ಬಡೀತಿದ್ದೆ ಅಂತ ಕೇಳಿದ್ಲು, ಅಷ್ಟೆ. ನಾಚಿಕೆಗೆ ಅವತ್ತು ಹುಲಿಗೆಮ್ಮನಿಗೆ ತುತ್ತು ಇಳೀಲಿಲ್ಲವಂತೆ.

ಮೂರನೇದು ಪಾಳೇಗಾರನ ಊರು. ಕೋಟೆಯ ಈ ಬುರುಜಿಂದ ಆ ಬುರುಜಿಗೆ ಹಗ್ಗದ ಮೇಲೆ ದಾಟಿದ್ರೆ ಮನೆ ಕಟ್ಟೋಕೆ ಜಾಗ, ಉಳೋಕೆ ಹೊಲ ಅಂದನಂತೆ. ಕೆಳಗೆ ಬರೀ ಬಂಡೆ. ಬೇಡ ಅನ್ನೋಕೆ ಅವ್ವ ಬಾಯಿ ತೆಗೆಯೋದ್ರೊಳಗೆ ಸುಂಕಿ ಹೂಂ ಅಂದು ಬುರುಜು ಹತ್ತಿದ್ಲಂತೆ. ಈ ಸಲ ಹುಲಿಗೆಮ್ಮ ಕಣ್ಮುಚ್ಚಲಿಲ್ಲ. ಮಗಳ ಪಾದ ನೋಡ್ತಾ, ಆ ಪಾದಕ್ಕೆ ತಕ್ಕಂಗೆ ಡುಂ ಡುಂ ಅಂತ ಬಡಿದ್ಲು, ಸುಂಕಿ ನಡುಮಧ್ಯಕ್ಕೆ ಬಂದ್ಲು, ಆಮೇಲೆ ಎದ್ದಿತಲ್ಲ ಸುಂಟರಗಾಳಿ! ಹುಲಿಗೆಮ್ಮ ಕೋಲು ಮೇಲೆತ್ತಿದೋಳು ಎತ್ತಿದಂಗೇ ನಿಂತ್ಲಂತೆ. ಜನ ಓಡೇ ಓಡು ಅಂತ ಕಿರುಚಿದ್ರು, ಪಾಳೇಗಾರ ಬಡಿಯೇ, ಯಾಕೆ ನಿಲ್ಲಿಸ್ದೆ ಅಂತ ಗದರಿದ. ಬಡೀಲಿಲ್ಲ. ನನ್ನ ಕೂಸು ಹೋಯ್ತು ಅಂತ ಜೀವ ಬಾಯಿಗೆ ಬಂತು, ಆದ್ರೂ ಬಡೀಲಿಲ್ಲ. ಸುಂಕಿ ಹಗ್ಗದ ಜತೆ ತೂಗ್ತಾ ನಿಂತೇ ಇದ್ಲಂತೆ, ಕೆಳಗೆ ನೋಡಲಿಲ್ಲ. ಗಾಳಿ ತುಸು ತಗ್ಗಿತು ನೋಡು, ಡುಂ. ಒಂದು ಹೆಜ್ಜೆ. ಡುಂ. ಇನ್ನೊಂದು. ಹಂಗೇ ದಾಟೇಬಿಟ್ಲಂತೆ!

ಹೊಲ ಬಂತು, ಮನೆ ಕಟ್ಕೊಂಡ್ರು. ಪಾಳೇಗಾರ ಹುಲಿಗೆಮ್ಮನ್ನ ಕರೆದು, ನಿನ್ನ ಕೆಲಸ ಅಂತೂ ಮುಗೀತು, ನಿನಗೇನು ಬೇಕು ಕೇಳ್ಕೋ ಅಂದನಂತೆ. ಡೋಲಿಗೆ ಹೊಸ ಚರ್ಮ ಹಾಕಿಸಿಕೊಡಿ ಬುದ್ಧಿ, ನನ್ನ ಕೆಲಸ ಈಗ ಶುರುವಾಗಿದೆ ಅಂದ್ಲಂತೆ.

ಅಲ್ಲಿಗೆ ಅವರು ನೆಲೆಯಾದ್ರು, ಇಲ್ಲಿಗೆ ನನ್ನ ಕತೆ ಮುಗೀತು. ಡೋಲು ನಿಂತ ಮೇಲೆ ಅಲ್ಲಾಡಬಾರದು, ಗೊತ್ತಲ್ಲ? ಮಲಗು ಮತ್ತೆ.