ಸೊನ್ನೆ ತೋರಿಸಿದ ಉಪಕರಣ

"ಗುರುಗಳೇ, ಒಂದು ಭಾಷೆಯಲ್ಲಿ ಐವತ್ತು ಸಾಲಿಗೆ ಮುಗಿಯುವ ಪ್ರೋಗ್ರಾಂ ಇನ್ನೊಂದು ಭಾಷೆಯಲ್ಲಿ ಐನೂರು ಸಾಲು ಹಿಡಿಯುತ್ತದೆ. ಎರಡರ ಗುಣವನ್ನೂ ಒಂದೇ ಅಳತೆಯಲ್ಲಿ ಅಳೆಯುವುದು ಹೇಗೆ?" ಎಂದು ಶಿಷ್ಯ ಕೇಳಿದ.

"ಸಾಲು ಎಣಿಸುವುದನ್ನು ಒಂದು ಗಳಿಗೆ ನಿಲ್ಲಿಸು, ಹೇಳುತ್ತೇನೆ," ಎಂದರು ಗುರುಗಳು.

ಒಬ್ಬ ಪರೀಕ್ಷಕಿ ಇದ್ದಳು. ಪ್ರೋಗ್ರಾಂ ಎಷ್ಟು ತೊಡಕಾಗಿದೆ ಎಂದು ಅಳೆಯುವ ಉಪಕರಣವನ್ನು ಅವಳೇ ಬರೆದಿದ್ದಳು; ಅದೂ ಒಂದು ಪ್ರೋಗ್ರಾಂ. 'ಹೀಗಿದ್ದರೆ ಇದು, ಇಲ್ಲದಿದ್ದರೆ ಅದು' ಎಂದು ಪ್ರೋಗ್ರಾಂ ಕವಲೊಡೆಯುವ ಜಾಗಗಳನ್ನು ಅದು ಎಣಿಸುತ್ತಿತ್ತು. ಕವಲು ಹೆಚ್ಚಿದಷ್ಟೂ ತಪ್ಪು ಅಡಗಲು ಜಾಗ ಹೆಚ್ಚು. ಹತ್ತಾರು ಆಸ್ಪತ್ರೆಗಳು ಆ ಉಪಕರಣವನ್ನು ಕಣ್ಣುಮುಚ್ಚಿ ನಂಬಿದ್ದವು. ಹನ್ನೆರಡು ವರ್ಷದ ದುಡಿಮೆ. ಅವಳ ಹೆಸರು ನಿಂತಿದ್ದೇ ಅದರ ಮೇಲೆ.

ಒಂದು ಆಸ್ಪತ್ರೆಗೆ ಎಳೆಗೂಸುಗಳಿಗೆ ಎಷ್ಟು ಔಷಧ ಕೊಡಬೇಕೆಂದು ಹೇಳುವ ಪ್ರೋಗ್ರಾಂ ಬೇಕಾಗಿತ್ತು. ಇಬ್ಬರು ಬರೆದು ತಂದರು. ಒಬ್ಬನದು ಹಳೆಯ ಭಾಷೆ, ಉದ್ದ. ಇನ್ನೊಬ್ಬನದು ಹೊಸ ಭಾಷೆ, ಚಿಕ್ಕದು. ಉಪಕರಣ ಮೊದಲನೆಯದರಲ್ಲಿ ಮೂವತ್ತು ಕವಲು ತೋರಿಸಿತು. ಎರಡನೆಯದರಲ್ಲಿ ಸೊನ್ನೆ.

"ಇನ್ನೇನು ಬೇಕು? ಚಿಕ್ಕದಕ್ಕೆ ಸಹಿ ಹಾಕಿಬಿಡಿ," ಎಂದರು ಆಸ್ಪತ್ರೆಯವರು.

"ಕೂಸಿನ ತೂಕ ನೋಡದೆ, ಹುಟ್ಟಿ ಎಷ್ಟು ದಿನವಾಯಿತೆಂದು ನೋಡದೆ ಔಷಧ ಹೇಳುವುದು ಹೇಗೆ? ಒಂದು ಕವಲಾದರೂ ಇರಲೇಬೇಕು," ಎಂದಳು ಅವಳು.

ಮೂರು ದಿನ ಕೂತು ಪ್ರತಿ ಸಾಲನ್ನೂ ಬೆರಳಿಟ್ಟು ಓದಿದಳು. ಹೊಸ ಭಾಷೆ ಕವಲನ್ನು ಬರೆಯುವ ರೀತಿಯೇ ಬೇರೆ. ಉಪಕರಣಕ್ಕೆ ಅದರ ಪರಿಚಯವಿರಲಿಲ್ಲ. ಪರಿಚಯವಿಲ್ಲದ್ದನ್ನೆಲ್ಲ ಅದು ಇಲ್ಲವೆಂದೇ ಎಣಿಸಿತ್ತು. ಅವಳಿಗೆ ಸಿಕ್ಕಿದ್ದು ನಲವತ್ತೊಂದು ಕವಲು. ಅದರಲ್ಲಿ ಒಂದು, ದಿನ ತುಂಬುವ ಮೊದಲೇ ಹುಟ್ಟಿದ ಕೂಸಿಗೆ ಕೊಡಬೇಕಾದ್ದರ ಎರಡು ಪಟ್ಟು ಔಷಧ ಹೇಳುತ್ತಿತ್ತು. ಅವಳು ಸಹಿ ಹಾಕಲಿಲ್ಲ.

ಉಪಕರಣವನ್ನು ಸದ್ದಿಲ್ಲದೆ ತಿದ್ದಿ ಸುಮ್ಮನಿರಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವಳು ಅದನ್ನು ಬಳಸುತ್ತಿದ್ದ ಎಲ್ಲ ಆಸ್ಪತ್ರೆಗಳಿಗೂ ಬರೆದಳು: ನನ್ನ ಅಳತೆ ತಪ್ಪಿದೆ, ನೀವು ನಂಬಿದ ಸೊನ್ನೆಗಳನ್ನೆಲ್ಲ ಮತ್ತೆ ಪರೀಕ್ಷಿಸಿ. ನೆನೆದರೆ ನನಗೆ ಇಂದಿಗೂ ಕೈಮುಗಿಯಬೇಕೆನಿಸುತ್ತದೆ. ಆಮೇಲೆ ಉಪಕರಣದಲ್ಲಿ ಒಂದೇ ಒಂದು ಬದಲಾವಣೆ ಮಾಡಿದಳು. ಗುರುತು ಸಿಗದ ಬರಹ ಎದುರಾದರೆ ಅದು ಈಗ ಸೊನ್ನೆ ತೋರಿಸುವುದಿಲ್ಲ. 'ನನಗೆ ತಿಳಿಯದು' ಎಂದು ತೋರಿಸಿ ನಿಲ್ಲುತ್ತದೆ.

ಶಿಷ್ಯ ನಕ್ಕ. "ತನಗೇ ತಿಳಿಯದು ಎನ್ನುವ ಉಪಕರಣವನ್ನು ಇನ್ನು ಯಾರು ನಂಬುತ್ತಾರೆ, ಗುರುಗಳೇ?"

"ನಾನು. ಆ ಆಸ್ಪತ್ರೆಯಲ್ಲಿ ಏಳನೇ ತಿಂಗಳಿಗೇ ಹುಟ್ಟಿದ ನನ್ನ ಮೊಮ್ಮಗಳಿಗೆ ಈಗ ಆರು ವರ್ಷ," ಎಂದರು ಗುರುಗಳು.