ಗೆರೆಯಲ್ಲಿ ಎದ್ದ ಮುಳ್ಳು

"ಗುರುಗಳೇ, ಮುಂದಾಗುವುದು ಮೊದಲೇ ತಿಳಿದುಬಿಟ್ಟರೆ ಮನುಷ್ಯನ ಭಯ ಹೋಗುತ್ತದೆಯಲ್ಲವೇ?" ಎಂದು ಶಿಷ್ಯ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಒಬ್ಬ ಹೆಂಗಸಿಗೆ ಒಬ್ಬನೇ ತಮ್ಮನಿದ್ದ. ಅವನಿಗೆ ಚಿಕ್ಕಂದಿನಿಂದಲೂ ಮೂರ್ಛೆರೋಗ. ಇಬ್ಬರೂ ಚಿಕ್ಕವರಿದ್ದಾಗ, ಒಂದು ದಿನ ಅವಳು ಶಾಲೆಗೆ ಹೋಗಿದ್ದಾಗ ಅವನು ಉರಿಯುವ ಒಲೆಯ ಮೇಲೆ ಬಿದ್ದು ಬಲಗೈ ಸುಟ್ಟುಕೊಂಡ. ಪಕ್ಕದಲ್ಲೇ ಹಿಟ್ಟು ನಾದುತ್ತಿದ್ದ ತಾಯಿ ತಿರುಗಿ ನೋಡುವಷ್ಟರಲ್ಲಿ ಎಲ್ಲ ಆಗಿಹೋಗಿತ್ತು. ಸುಟ್ಟ ಚರ್ಮದ ವಾಸನೆ ಮನೆಯಿಂದ ಹೋದರೂ ಅವಳ ಮೂಗಿನಿಂದ ಹೋಗಲಿಲ್ಲ. ಬೀಳುವುದು ಒಂದು ಗಳಿಗೆ ಮೊದಲು ತಿಳಿದಿದ್ದರೆ ಸಾಕಾಗಿತ್ತು ಎಂದು ಅವಳ ಮನಸ್ಸು ಹಠ ಹಿಡಿಯಿತು. ಅದಕ್ಕಾಗಿಯೇ ಓದಿದಳು. ತಂದೆತಾಯಿ ತೀರಿಕೊಂಡ ಮೇಲೆ ತಮ್ಮನನ್ನು ಜೊತೆಗಿಟ್ಟುಕೊಂಡು ಪಟ್ಟಣದ ಒಂದು ಪ್ರಯೋಗಶಾಲೆಯಲ್ಲಿ ಕೆಲಸಕ್ಕೆ ಸೇರಿದಳು.

ಅಲ್ಲಿ ಹುಟ್ಟಿನಿಂದಲೇ ಮೂರ್ಛೆ ಬರುವ ತಳಿಯ ಇಲಿಗಳನ್ನು ಸಾಕಿದ್ದರು. ಇಲಿಗೆ ಅರಿವಳಿಕೆ ಕೊಟ್ಟು, ತಲೆಬುರುಡೆಯಲ್ಲಿ ಸೂಜಿಮೊನೆಯಷ್ಟು ರಂಧ್ರ ಮಾಡಿ, ಕೂದಲೆಳೆಯಂಥ ತಂತಿಗಳನ್ನು ಕೂರಿಸುವುದು ಅವಳ ಕೆಲಸ. ಗಾಯ ಮಾಯ್ದ ಮೇಲೆ ಇಲಿ ತನ್ನ ಪಾಡಿಗೆ ಓಡಾಡಿಕೊಂಡಿರುತ್ತದೆ. ಅದರ ಮೆದುಳಿನಲ್ಲಿ ಹರಿಯುವ ವಿದ್ಯುತ್ತು ಪರದೆಯ ಮೇಲೆ ಗೆರೆಯಾಗಿ ಮೂಡುತ್ತದೆ. ವರ್ಷಗಟ್ಟಲೆ ಆ ಗೆರೆಗಳನ್ನು ನೋಡಿ ನೋಡಿ ಅವಳು ಒಂದು ಗುಟ್ಟು ಕಂಡುಕೊಂಡಳು. ಆ ತಳಿಯಲ್ಲಿ ಮೂರ್ಛೆ ಬರುವ ಮುಂಚೆ ಗೆರೆಯಲ್ಲಿ ಸಣ್ಣ ಮುಳ್ಳುಗಳು ಏಳುತ್ತಿದ್ದವು.

ಮೊದಲ ಸಲ ಅದನ್ನು ಕಂಡಾಗ ಅವಳಿಗೆ ಸಂತೋಷವಾಯಿತು. ಮತ್ತೊಂದು ಸಲ ಕಂಡಾಗ ಪರದೆ ಬಿಟ್ಟು ಇಲಿಯ ಕಡೆ ನೋಡಿದಳು. ಅದು ಮುಂಗಾಲೆತ್ತಿ ಮುಖ ಒರೆಸಿಕೊಳ್ಳುತ್ತಿತ್ತು. ಅದಕ್ಕೇನೂ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು. ಬರುವುದನ್ನು ತಡೆಯುವ ದಾರಿ ಮಾತ್ರ ಇನ್ನೂ ಸಿಕ್ಕಿರಲಿಲ್ಲ. ಸ್ವಲ್ಪ ಹೊತ್ತಿಗೆ ಇಲಿ ಸೆಟೆದು ಬಿದ್ದು ಕಾಲು ಬಡಿಯಿತು. ಅಂದಿನಿಂದ ಆ ನಡುವಿನ ಸ್ವಲ್ಪ ಹೊತ್ತು ಅವಳ ಎದೆಯೊಳಗೆ ಹೊಕ್ಕು ಕೂತಿತು. ಗೆರೆ ಶಾಂತವಾಗಿ ಹರಿಯುವಾಗಲೂ ಅವಳಿಗೆ ಸಮಾಧಾನವಿಲ್ಲ. ಮುಳ್ಳು ಇನ್ನೂ ಎದ್ದಿಲ್ಲ, ಅಷ್ಟೇ ಎಂದುಕೊಳ್ಳುವಳು.

ಆ ಭಯ ಮನೆಗೂ ಬಂತು. ತಮ್ಮ ಉಣ್ಣಲು ಕೂತರೆ ಅವನ ಕಣ್ಣು ನೋಡುವಳು. ಅಂಗಿಗೆ ಗುಂಡಿ ಹಾಕಿಕೊಂಡರೆ ಬೆರಳು ನೋಡುವಳು. ಮಾತಿನ ನಡುವೆ ಅವನು ಒಂದು ಪದಕ್ಕೆ ತಡವರಿಸಿದರೆ ಕೈಕೆಲಸ ನಿಲ್ಲಿಸಿ ಅವನ ತುಟಿ ನೋಡುವಳು. ಕೊನೆಗೆ ಅವನು ಗೋಡೆಯ ಕಡೆ ಮುಖ ಮಾಡಿ ಉಣ್ಣತೊಡಗಿದ. ಯಾಕೆ ಹೀಗೆ ಎಂದು ಅವಳು ಕೇಳಿದಳು.

"ಅಕ್ಕಾ, ಮೂರ್ಛೆ ಯಾವಾಗಲೋ ಒಮ್ಮೆ ಬಂದು ಹೋಗುತ್ತದೆ. ನಿನ್ನ ಕಣ್ಣು ಹೋಗುವುದೇ ಇಲ್ಲ" ಎಂದ.

ಒಂದು ಬೆಳಿಗ್ಗೆ ಅವನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ. ಅವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಹಿಂಡುತ್ತಿದ್ದ ಬೆರಳುಗಳು ನಿಂತವು. ದೃಷ್ಟಿ ಒಂದೇ ಕಡೆ ನೆಟ್ಟಿತು. ಬಂತು ಎಂದು ಅವಳಿಗೆ ತಿಳಿಯಿತು. ಓಡಿದ್ದರೆ ಅವನು ಕೈಗೆ ಸಿಗುತ್ತಿದ್ದ. ಆದರೆ ಅವಳ ಕಾಲು ಏಳಲಿಲ್ಲ. ಗುರುತು ಕಂಡ ಮೇಲೆ ಉಸಿರು ಬಿಗಿಹಿಡಿದು ಮುಂದಿನದನ್ನು ಕಾಯುವುದು ಪರದೆಯ ಮುಂದೆ ಕೂತು ಕೂತು ಅವಳ ಮೈಗೆ ರೂಢಿಯಾಗಿತ್ತು. ಅವನು ಒಗೆಯುವ ಕಲ್ಲಿನ ಮೇಲೆ ಬಿದ್ದ. ಹಣೆಯ ರಕ್ತ ಸೋಪಿನ ನೀರಿನೊಂದಿಗೆ ಹರಿದು ಬಂದು ತನ್ನ ಪಾದ ಮುಟ್ಟಿದಾಗ ಅವಳು ಓಡಿದಳು.

ಜೀವ ಉಳಿಯಿತು. ಆಸ್ಪತ್ರೆಯಲ್ಲಿ ಎಚ್ಚರವಾದಾಗ ಅವನು, "ಅಕ್ಕಾ, ನೀನು ಎಲ್ಲಿದ್ದೆ?" ಎಂದು ಕೇಳಿದ.

"ಅಲ್ಲೇ ಇದ್ದೆ" ಎಂದಳು.

ಅವನು ಗೋಡೆಯ ಕಡೆ ಹೊರಳಿದ. ಅವನು ಬೈದಿದ್ದರೂ ಅವಳು ತಾಳಿಕೊಳ್ಳುತ್ತಿದ್ದಳೇನೋ.

ಅವಳು ಕೆಲಸ ಬಿಡಲಿಲ್ಲ. ಅವಳು ಕಂಡುಕೊಂಡದ್ದರಿಂದ ಮುಂದೆ ಯಾರಾದರೂ ಮಕ್ಕಳಿಗೆ ಉಪಕಾರವಾದೀತು ಎಂದು ಜೊತೆಯವರು ಹೇಳುತ್ತಿದ್ದರು. ಅದು ಸುಳ್ಳೂ ಅಲ್ಲ. ಆದರೆ ಮನೆಯಲ್ಲಿ ಬಾಗಿಲಲ್ಲಿ ನಿಂತು ನೋಡುವುದನ್ನು ಬಿಟ್ಟಳು. ತಮ್ಮ ದುಪ್ಪಟಿ ಹಿಂಡುವಾಗ ಇನ್ನೊಂದು ತುದಿಯನ್ನು ತಾನು ಹಿಡಿದಳು. ಹಾಗೆ ಹಿಂಡುತ್ತಿರುವಾಗಲೇ ಒಮ್ಮೆ ಮೂರ್ಛೆ ಬಂತು; ಅದರ ಗುರುತು ಅವಳಿಗೆ ಕಾಣಲೇ ಇಲ್ಲ. ಅವನು ಕಲ್ಲಿನ ಮೇಲೆ ಬೀಳದೆ ಅವಳ ಮೈಮೇಲೆಯೇ ಬಿದ್ದ.

ಗುರುಗಳು ಅಷ್ಟಕ್ಕೆ ನಿಲ್ಲಿಸಿದರು.

"ಆಮೇಲಾದರೂ ಅವಳ ಭಯ ಹೋಯಿತೇ?" ಎಂದು ಶಿಷ್ಯ ಕೇಳಿದ.

ಗುರುಗಳು ಇಲ್ಲವೆಂದು ತಲೆಯಾಡಿಸಿ, ಅವನ ಮುಖವನ್ನೇ ನೋಡುತ್ತ ಹೇಳಿದರು:

"ಮನೆಯಲ್ಲಿ ಯಾರ ಹಾಸಿಗೆಯ ಪಕ್ಕದಲ್ಲಿ ಕೂರಲಾರದೆ ನೀನು ಈ ಪ್ರಶ್ನೆ ಹೊತ್ತು ಇಲ್ಲಿಗೆ ಬಂದೆ?"