ನೋಡೋ ದೊರೆ ಬಯಲು

ಬಂಡರಗಲ್ಲು ಊರಿನಿಂದ ಮೂಡಣಕ್ಕೆ ನಡೆದರೆ, ಕೊನೆಯ ಜಾಲಿಗಿಡ ದಾಟಿದ ಮೇಲೆ ಕಣ್ಣಿಗೆ ತಡೆಯೇ ಇಲ್ಲ. ದುರ್ಗದ ಗುಡ್ಡದ ಬುಡದವರೆಗೂ ಕಪ್ಪು ಹರಳುಗಲ್ಲು ಹಾಸಿದ ಬಯಲು. ಮಳೆ ಇತ್ತ ಬರುವುದು ಅಪರೂಪ, ಬಂದರೂ ದಾರಿ ತಪ್ಪಿದ ನೆಂಟನ ಹಾಗೆ ನಿಲ್ಲದೆ ಹೋಗುತ್ತದೆ. ಕಲ್ಲಿನ ಸಂದಿಯಲ್ಲಿ ಹುಟ್ಟುವ ಒಣಕಲು ಹುಲ್ಲು ಕುರಿಗೆ ಸಾಕು, ಬೇರೆ ಯಾರಿಗೂ ಬೇಡ. ಮೇಲಿನ ಹರಳನ್ನು ಎತ್ತಿದರೆ ಕೆಳಗೆ ಬೂದಿಯಂಥ ಬಿಳಿಮಣ್ಣು. ಕಳೆದ ವರ್ಷ ಗಾಳಿಯಂತ್ರ ನೆಡಲು ಜಾಗ ಹುಡುಕಿಕೊಂಡು ಬಂದವರು ಡ್ರೋನ್ ಹಾರಿಸಿದಾಗ, ಈ ಕಪ್ಪು ನೆಲದ ಮೇಲೆ ಬಿಳಿಗೆರೆಯಲ್ಲಿ ಬರೆದ ಭಾರಿ ಚಿತ್ರಗಳು ಪತ್ತೆಯಾದವು. ಊರವರ ಪಾಲಿಗೆ ಅವು ಎಂದೂ ಕಳೆದಿರಲಿಲ್ಲ. ಆದರೆ ಊರವರು ನೋಡಿದ್ದು ಪತ್ತೆಯ ಲೆಕ್ಕಕ್ಕೆ ಬರುವುದಿಲ್ಲ.

ಚಿತ್ರಗಳೆಲ್ಲ ಒಂದೇ ಬಗೆಯವು. ಎರಡು ಕಡೆ ಚೂಪಾಗಿ, ನಡುವೆ ಉಬ್ಬಿದ ಆಕಾರ, ಒಂದೊಂದರ ಅಂಚಿನಲ್ಲಿ ಒಂದೊಂದು ತರಹದ ಸೀಳು, ಕಚ್ಚು. ಅವನ್ನು ನೋಡಲು ಬಂದ ವಿದ್ವಾಂಸರಲ್ಲಿ ಒಬ್ಬರು ದೋಣಿ ಎಂದರು. ಸಮುದ್ರ ಇಲ್ಲಿಂದ ಬಹಳ ದೂರ, ಆದರೆ ಪ್ರಾಚೀನರ ಹಂಬಲ ದೊಡ್ಡದು ಎಂದು ಅವರೇ ಸಮಾಧಾನ ಹೇಳಿದರು. ಇನ್ನೊಬ್ಬರಿಗೆ ಅವು ವೀಳ್ಯದೆಲೆಯಾಗಿ ಕಂಡವು. ಮತ್ತೊಬ್ಬರು ಕಚ್ಚುಗಳನ್ನು ಎಣಿಸಿ ಪಂಚಾಂಗ ಎಂದರು. ಟೀವಿಯಲ್ಲಿ ಮಾತಾಡುವ ಮಹನೀಯರೊಬ್ಬರು ಆಕಾಶದಿಂದ ಇಳಿದವರ ವಾಹನದ ಗುರುತು ಎಂದು ಹೇಳಿ ಊಟ ಮಾಡಿಕೊಂಡು ಹೋದರು. ಒಂದು ವಿಷಯದಲ್ಲಿ ಮಾತ್ರ ಎಲ್ಲರೂ ಒಮ್ಮತಕ್ಕೆ ಬಂದರು: ಇವನ್ನು ಬರೆದವರು ಶಾಂತಚಿತ್ತರು, ಇಷ್ಟು ತಾಳ್ಮೆ ಸಿಟ್ಟಿಗೆ ಇರುವುದಿಲ್ಲ. ಆ ಬಳಿಕ ತಾಣ ಸಂರಕ್ಷಣೆಗೆಂದು ಹುಟ್ಟಿಕೊಂಡ ಸಮಿತಿ ಒಂದು ಫಲಕ ನೆಟ್ಟಿತು. ಕಲಾಪ್ರೇಮಿಯಾದ ಚೌಡಪ್ಪ ದೊರೆ ಪ್ರಜೆಗಳ ಆನಂದಕ್ಕಾಗಿ ಬರೆಸಿದ ಚಿತ್ರಗಳು ಎಂದು ಅದರಲ್ಲಿ ಕೆತ್ತಲಾಗಿದೆ. ಊರ ಹಿರಿಯ ಕುರಿಗಾರ ಹುಲಿಗೆಪ್ಪ ತಾತ ಅದನ್ನು ಮೊಮ್ಮಗಳಿಂದ ಓದಿಸಿ ಕೇಳಿ, ಫಲಕಕ್ಕೆ ಬೆನ್ನು ಕೊಟ್ಟು ಕುಳಿತು ಎಲೆ ಅಡಿಕೆ ಹಾಕಿಕೊಂಡ. ಬಯಲಿಗೆ ‘ನೋಡೋ ದೊರೆ’ ಎಂಬ ಹೆಸರು ಬಂದ ಬಗೆಯನ್ನು ಅವನೂ ಅವನ ವಾರಿಗೆಯವರೂ ಹೇಳುವುದು ಹೀಗೆ.

ಹಿಂದೆ ಒಮ್ಮೆ, ದುರ್ಗದ ಮೇಲೆ ಚೌಡಪ್ಪ ದೊರೆ ಆಳುತ್ತಿದ್ದ ಕಾಲದಲ್ಲಿ, ಈ ಬಯಲಿನಲ್ಲಿ ಹಾಲವ್ವ ಎಂಬ ಕುರಿಗಾರ ಹೆಂಗಸು ಇದ್ದಳು ಎನ್ನುತ್ತಾರೆ. ಗಂಡ ಹಾವು ಮುಟ್ಟಿ ಸತ್ತಿದ್ದ. ಆಕೆಗಿದ್ದದ್ದು ಒಂದು ಹಿಂಡು ಕುರಿ, ಅದನ್ನು ಬಿಟ್ಟರೆ ಹೊದೆಯುವ ಕಂಬಳಿ. ಕುರಿಗಾರರಲ್ಲಿ ಒಂದು ಪದ್ಧತಿ ಇದೆ. ಮರಿ ತಾಯ ಹಾಲು ಕುಡಿದು ಗಟ್ಟಿಯಾದ ಮೇಲೆ ಅದರ ಕಿವಿಯಲ್ಲಿ ಮನೆತನದ ಗುರುತು ಕೊಯ್ಯುತ್ತಾರೆ. ಒಂದು ಮನೆಯವರದು ಎಡಗಿವಿಯ ಅಂಚಿಗೆ ಕಚ್ಚು, ಇನ್ನೊಂದು ಮನೆಯವರದು ತುದಿಗೆ ಸೀಳು. ಹಾಲವ್ವನ ಮನೆಯದು ಬಲಗಿವಿಯ ತುದಿ ಸೀಳಿ ಅದರ ಕೆಳಗೊಂದು ಕಚ್ಚು. ಹಿಂಡುಗಳು ನೀರಿನ ಹತ್ತಿರ ಎಷ್ಟೇ ಬೆರೆತರೂ ಸಂಜೆಗೆ ಕಿವಿ ನೋಡಿ ಬೇರೆ ಮಾಡುತ್ತಾರೆ, ಜಗಳ ಬರುವುದಿಲ್ಲ. ಕಿವಿಯ ಮೇಲೆ ಸುಳ್ಳು ಹೇಳಿದ ಕುರಿಗಾರನ ಹಟ್ಟಿಯಲ್ಲಿ ಯಾರೂ ನೀರು ಮುಟ್ಟುವುದಿಲ್ಲ.

ಆ ವರ್ಷ ದೊರೆಯ ಮಗಳ ಮದುವೆ ಗೊತ್ತಾಯಿತು. ಬೀಗರು ಮಾಂಸಪ್ರಿಯರು. ದೊರೆಯ ಹಿಂಡು ಸಾಲದು ಎಂದು ಕಾರಭಾರಿಗೆ ಅನಿಸಿತು. ನೀರಿಗೆ ಬಂದಿದ್ದ ಹಾಲವ್ವನ ಹಿಂಡನ್ನು ಆತನ ಆಳುಗಳು ಹಗಲಲ್ಲೇ ಹೊಡೆದುಕೊಂಡು ಹೋದರು. ಆಕೆ ಹಿಂದೆಯೇ ಓಡಿ ಗುಡ್ಡ ಹತ್ತಿ ಕೋಟೆಯ ದೊಡ್ಡಿಗೆ ಮುಟ್ಟುವ ಹೊತ್ತಿಗೆ ಅಲ್ಲಿ ಗದ್ದಲ ಮುಗಿದಿತ್ತು. ದೊಡ್ಡಿಯ ಒಳಗಿದ್ದ ಕುರಿಗಳೆಲ್ಲ ತಲೆ ಕೊಡವುತ್ತ ರಕ್ತ ಸಿಡಿಸುತ್ತಿದ್ದವು. ಎಲ್ಲದರ ಕಿವಿಗಳನ್ನೂ ಬುಡಕ್ಕೆ ಕೊಯ್ದು ಹಾಕಿದ್ದರು. ಕತ್ತರಿಸಿದ ಕಿವಿಗಳಿಗಾಗಿ ಗೋಡೆಯ ಮೇಲೆ ಹದ್ದುಗಳು ಕುಳಿತಿದ್ದವು.

ಕಾರಭಾರಿ ನಗುತ್ತ ಹೇಳಿದ: “ಕಿವಿ ಇಲ್ಲದ್ದು ದೊರೆ ಕುರಿ, ಕಿವಿ ಇದ್ದದ್ದು ನಿಮ್ಮ ಕುರಿ. ಕಿವಿ ಇದ್ದದ್ದು ಒಂದಾದ್ರೂ ಸಿಕ್ಕರ ಹೊಡಕೊಂಡು ಹೋಗಬೆ, ಯಾರು ಬ್ಯಾಡ ಅಂತಾರ?”

ಹಾಲವ್ವ ದೊರೆಯ ಮುಂದೆ ಹೋಗಿ ನಿಂತಳು. ಚೌಡಪ್ಪ ದೊರೆ ನ್ಯಾಯಕ್ಕೆ ಹೆಸರಾದವನು. ಕಣ್ಣಾರೆ ಕಾಣದ್ದಕ್ಕೆ ತೀರ್ಪು ಕೊಡುವುದಿಲ್ಲ ಎಂಬುದು ಆತನ ನೀತಿ, ಆಸ್ಥಾನದ ಭಟ್ಟಂಗಿಗಳು ಅದನ್ನು ಹಾಡು ಕಟ್ಟಿ ಹೊಗಳುತ್ತಿದ್ದರು. ಈ ನೀತಿಯನ್ನು ಪಾಲಿಸಲು ಆತ ಪಡುತ್ತಿದ್ದ ಶ್ರಮವೂ ಸಣ್ಣದಲ್ಲ. ಏನೂ ಕಣ್ಣಿಗೆ ಬೀಳದಿರಲಿ ಎಂದು ಉಪ್ಪರಿಗೆಯಿಂದ ಕೆಳಗೆ ಇಳಿಯುತ್ತಲೇ ಇರಲಿಲ್ಲ.

“ನಾ ನಿನ್ನ ಕುರಿ ಕಿವಿ ನೋಡಿಲ್ಲಲ್ಲಬೆ,” ಎಂದ ದೊರೆ. “ನೋಡಿದ್ದರ ಈಗಿಂದೀಗ ಹಿಂಡು ಬಿಡಿಸಿ ಕೊಡತಿದ್ದೆ.”

“ನೋಡಿದ್ರ ಕೊಡ್ತೀಯೇನು?”

“ಕೊಡತೀನಿ. ದೊರಿ ಮಾತು ಅಂದ್ರ ಮಾತು.”

ಆಸ್ಥಾನ ನಕ್ಕಿತು. ಕಿವಿಗಳು ಆಗಲೇ ಹದ್ದಿನ ಹೊಟ್ಟೆ ಸೇರಿದ್ದವು. ಹಾಲವ್ವ ಗುಡ್ಡ ಇಳಿದಳು.

ಕುರಿಗಾರರು ಬಯಲಲ್ಲಿ ಹಟ್ಟಿ ಹಾಕುವಾಗ ನಡುವೆ ಗೂಟ ಬಡಿದು, ಹಗ್ಗ ಬಿಗಿ ಹಿಡಿದು ಸುತ್ತು ನಡೆದು ಗೆರೆ ಎಳೆಯುತ್ತಾರೆ. ಆ ಗೆರೆಯ ಮೇಲೆ ಮುಳ್ಳುಬೇಲಿ ನಿಲ್ಲುತ್ತದೆ. ಹಾಲವ್ವನ ಹಟ್ಟಿಯಲ್ಲಿ ಈಗ ಕುರಿ ಇರಲಿಲ್ಲ, ಗೂಟ ಮತ್ತು ಹಗ್ಗ ಇದ್ದವು. ಆಕೆ ಉಪ್ಪರಿಗೆಯ ಕಿಟಕಿಗೆ ನೇರವಾದ ನೆಲ ಆರಿಸಿಕೊಂಡು, ದೂರ ದೂರಕ್ಕೆ ಎರಡು ಗೂಟ ಬಡಿದು, ಅತ್ತಲಿಂದ ಒಂದು ಬಾಗು ಇತ್ತಲಿಂದ ಒಂದು ಬಾಗು ಎಳೆದಳು. ಎರಡೂ ಕೂಡಿದಲ್ಲಿ ಕುರಿಯ ಕಿವಿ ಆಯಿತು. ಗೆರೆಯುದ್ದಕ್ಕೂ ಕರಿ ಹರಳು ಆರಿಸಿ ಬದಿಗೆ ಹಾಕುತ್ತ ಹೋದಳು, ಕೆಳಗಿನ ಬಿಳಿಮಣ್ಣು ಎದ್ದು ಕಂಡಿತು. ತುದಿಯಲ್ಲಿ ಸೀಳು, ಅದರ ಕೆಳಗೊಂದು ಕಚ್ಚು. ಬೆರಳುಗಳ ಸಿಪ್ಪೆ ಸುಲಿದು ಹೋಯಿತು, ಸೆರಗು ಹರಿದು ಸುತ್ತಿಕೊಂಡಳು. ಒಂದು ಊರನ್ನೇ ಒಳಗಿಡಬಹುದಾದಷ್ಟು ದೊಡ್ಡ ಕಿವಿ ಮುಗಿದ ದಿನ, ಸೂರ್ಯ ಹುಟ್ಟುವಾಗ ಅದರ ನಡುವೆ ನಿಂತು ಗುಡ್ಡದ ಕಡೆ ಮುಖ ಎತ್ತಿ ಕೂಗಿದಳು: “ನೋಡೋ ದೊರೆ! ನೋಡಿದೇನೋ?”

ದೊರೆ ಕಿಟಕಿಗೆ ಬಂದು ನೋಡಿದ. ಅದೇನು ಎಂದು ಕಾರಭಾರಿಯನ್ನು ಕೇಳಿದ. “ಯಾವುದೋ ಎಲಿ ಇದ್ದಂಗ ಅದ ಬುದ್ಧೀ,” ಎಂದ ಕಾರಭಾರಿ. ಈ ಬಯಲಿನ ಚಿತ್ರಗಳಿಗೆ ಅರ್ಥ ಹೇಳಿದ ಮೊದಲ ವಿದ್ವಾಂಸ ಆತನೇ. ಎಲೆಯಾದರೆ ಅದು ಬೆಳಗಾಗುತ್ತಲೇ ತನ್ನನ್ನು ಯಾಕೆ ಕೂಗುತ್ತದೆ ಎಂದು ದೊರೆ ಕೇಳಲಿಲ್ಲ. ಅಳಿಸಿರಿ ಎಂದು ಅಪ್ಪಣೆ ಕೊಟ್ಟ. ಅಳಿಸಲು ಹೋದವರು ಅರಮನೆಯ ಆಳುಗಳು. ಹಾಸುಗಲ್ಲಿನ ಅಂಗಳದ ಮೇಲಿನ ರಂಗೋಲಿ ಅಳಿಸಿ ಗೊತ್ತಿದ್ದವರು, ಬಯಲಿನ ಮರ್ಮ ಅರಿಯದವರು. ಕೈಯಲ್ಲಿ ಪೊರಕೆ ಹಿಡಿದು ಸಾಲಾಗಿ ನಿಂತು ಗೆರೆಯನ್ನು ಗುಡಿಸಿದರು. ಗುಡಿಸಿದಷ್ಟೂ ಹರಳು ಸರಿದು ಇನ್ನಷ್ಟು ಬಿಳಿಮಣ್ಣು ಬಾಯಿ ಬಿಟ್ಟಿತು. ಸಂಜೆಗೆ ಕಾಲುದಾರಿಯಷ್ಟಿದ್ದ ಗೆರೆ ಬಂಡಿದಾರಿಯಷ್ಟಾಗಿತ್ತು. ದೊರೆ ಸಿಟ್ಟಾಗಿ ಮರುದಿನ ಇಮ್ಮಡಿ ಆಳು ಕಳಿಸಿದ, ಗೆರೆ ಇಮ್ಮಡಿ ಅಗಲವಾಯಿತು. ಹಾಲವ್ವ ಪಕ್ಕದಲ್ಲಿ ಕುಳಿತು, “ಆ ಮೂಲ್ಯಾಗ ಸೊಲ್ಪ ಉಳದೈತಿ ನೋಡ್ರೆಪಾ, ಅದನ್ನೂ ಗುಡಸ್ರಿ,” ಎನ್ನುತ್ತಿದ್ದಳಂತೆ.

ಸುದ್ದಿ ಹಟ್ಟಿಯಿಂದ ಹಟ್ಟಿಗೆ ಹೋಯಿತು. ಹಿಂದಿನ ವರ್ಷಗಳಲ್ಲಿ ಕುರಿ ಕಳಕೊಂಡು ಸುಮ್ಮನಿದ್ದವರು ಅನೇಕರಿದ್ದರು. ಅವರೂ ಗೂಟ ಹಗ್ಗ ಹೊತ್ತು ಬಂದರು. ಒಂದೊಂದು ಮನೆಯವರು ತಮ್ಮ ತಮ್ಮ ಗುರುತಿನ ಕಿವಿ ಬರೆದರು. ಮದುವೆಯ ಹಿಂದಿನ ದಿನ ಬೀಗರು ಬಂದು ಇಳಿದಾಗ ಬಯಲು ತುಂಬ ಕಿವಿ, ಒಂದೊಂದು ಕಿವಿಯಲ್ಲಿ ಒಂದೊಂದು ಮನೆತನ ನಿಂತು ಒಂದೇ ಕೂಗು. ಗಂಡಿನ ತಂದೆ ಉಪ್ಪರಿಗೆಯ ಕಿಟಕಿಯಲ್ಲಿ ಬಗ್ಗಿ ನೋಡಿ, “ಏನ್ರೀ ಬೀಗರ, ನಿಮ್ಮ ನೆಲಕ್ಕ ಇಷ್ಟು ಕಿವಿ? ನಿಮಗೊಂದೂ ಉಳದಂಗ ಕಾಣವಲ್ದು!” ಎಂದು ಗೇಲಿ ಮಾಡಿದ.

ಕಂಡದ್ದನ್ನು ಕಂಡೆ ಎಂದರೆ ಹಿಂಡು ಬಿಡಬೇಕು, ಬಿಟ್ಟರೆ ನಾಳೆಯ ಊಟಕ್ಕೆ ಕುರಿ ಇಲ್ಲ. ದೊರೆ ಕಿಟಕಿಗೆ ಬಂದು ಬಹಳ ಹೊತ್ತು ಕೆಳಗೆ ನೋಡಿದ. ಆಮೇಲೆ, “ಯಾವ ಕಿವಿ? ನನಗೇನೂ ಕಾಣವಲ್ದು,” ಎಂದ. ಆಡಿದ ಮಾತಿಗೆ ಊನ ಬರಲಿಲ್ಲ. ಕಾಣದ್ದಕ್ಕೆ ನ್ಯಾಯ ಕೇಳುವಂತಿಲ್ಲವಷ್ಟೆ. ಆ ಸಂಜೆಯೇ ಗೌಂಡಿಗಳನ್ನು ಕರೆಸಿ ಕಿಟಕಿಗೆ ಒಳಗಿನಿಂದ ಕಲ್ಲು ಕಟ್ಟಿಸಿದ. ಮದುವೆ ಸಾಂಗವಾಗಿ ನಡೆಯಿತು. ಊಟ ಬಹಳ ರುಚಿಯಾಗಿತ್ತು ಎಂದು ಬೀಗರು ಹೊಗಳಿದರು ಎನ್ನುತ್ತಾರೆ.

ಹಾಲವ್ವ ಕೊನೆಗೆ ಬಯಲಿನಲ್ಲೇ ಕಲ್ಲಾದಳು ಎಂದು ಕೆಲವರು ಹೇಳುತ್ತಾರೆ. ಕಲ್ಲಾದ ಹೆಂಗಸರಿಗೆ ಪೂಜೆ ಸಲ್ಲಿಸುವುದು ಸುಲಭ, ಕುರಿ ವಾಪಸು ಕೊಡುವ ಕೆಲಸ ಇರುವುದಿಲ್ಲ. ಹುಲಿಗೆಪ್ಪ ತಾತ ಇದನ್ನು ಒಪ್ಪುವುದಿಲ್ಲ. “ಕಲ್ಲಾಗಾಕ ಆಕಿಗೆ ಪುರುಸೊತ್ತು ಎಲ್ಲಿತ್ತಪಾ? ಮುದುಕಿ ಆದ್ಲು. ಕೂಲಿಗೆ ಮಂದಿ ಕುರಿ ಕಾಯ್ದಳು. ದಿನಾ ಬೆಳಗಾದ್ರ ಆ ಕಿಡಕಿ ಕಡಿ ಮಾರಿ ಮಾಡಿ ಒದರತಿದ್ಲು. ಸಾಯೋತನಕ.” ದೊರೆ ಕಿಟಕಿ ಮುಚ್ಚಬಲ್ಲವನಾಗಿದ್ದ, ಕೂಗು ಮುಚ್ಚಲು ಆತನ ಗೌಂಡಿಗಳಿಗೆ ಬರುತ್ತಿರಲಿಲ್ಲ. ಆತ ಕೊನೆಗಾಲದಲ್ಲಿ ಕಿವಿಗೆ ಅರಳೆ ತುಂಬಿಕೊಂಡು ಮಲಗುತ್ತಿದ್ದನಂತೆ. ಆಕೆ ಹೋದ ಮೇಲೆ ಬೇರೆ ಹಟ್ಟಿಯವರು ಕೂಗಿದರು, ಅವರ ಮಕ್ಕಳು ಕೂಗಿದರು. ಕೂಗಿ ಕೂಗಿ ಆ ಕೂಗೇ ಬಯಲಿಗೆ ಹೆಸರಾಗಿ ನಿಂತಿತು.

ಈಗ ದುರ್ಗ ಹತ್ತುವವರಿಗೆ ಹಾಳು ಅರಮನೆಯ ಪಡುವಣ ಗೋಡೆ ಕಾಣಿಸುತ್ತದೆ. ಮಾಡು ಬಿದ್ದಿದೆ, ಕಂಬ ಉರುಳಿವೆ, ಬಾಗಿಲುಗಳನ್ನು ಯಾರೋ ಒಯ್ದಿದ್ದಾರೆ. ಕಲ್ಲು ಕಟ್ಟಿದ ಆ ಕಿಟಕಿ ಮಾತ್ರ ಒಂದು ಹರಳೂ ಜಾರದೆ ಗಟ್ಟಿಯಾಗಿ ನಿಂತಿದೆ. ದೊರೆಗಳು ಮನಸ್ಸಿಟ್ಟು ಮಾಡಿಸಿದ ಕೆಲಸ ಹಾಗೆಯೇ ಇರುತ್ತದೆ. ಕೆಳಗೆ ಬಯಲಿನ ಸುತ್ತ ಸಮಿತಿಯವರು ಈ ವರ್ಷ ತಂತಿಬೇಲಿ ಬಿಗಿಸಿದ್ದಾರೆ. ಪ್ರಾಚೀನ ಚಿತ್ರಗಳಿಗೆ ಕುರಿಯ ಗೊರಸಿನಿಂದ ಅಪಾಯ ಎಂದು ಕುರಿಗಳಿಗೆ ಪ್ರವೇಶ ನಿಷೇಧಿಸಲಾಗಿದೆ. ಒಳಗೆ ಹೋದ ಕುರಿಗಳನ್ನು ಕಾವಲಿನವರು ಹಿಡಿದು ಕೊಂಡೊಯ್ದಿದ್ದಾರೆ, ಯಾವ ಕುರಿ ಯಾರದೆಂದು ಹೇಳಲು ಬರುವುದಿಲ್ಲ ಎನ್ನುತ್ತಿದ್ದಾರೆ. ಹುಲ್ಲೆಲ್ಲ ಬೇಲಿಯ ಒಳಗಿದೆ, ಹಟ್ಟಿಗಳೆಲ್ಲ ಹೊರಗಿವೆ. ಬೇಲಿಯ ಹೊರಗೆ, ಪ್ರವಾಸಿಗರು ವಾಹನ ನಿಲ್ಲಿಸುವ ನೆಲದ ಮೇಲೆ, ಸುಣ್ಣ ಬಳಿದಷ್ಟು ಬೆಳ್ಳಗಿರುವ ಒಂದು ಕಿವಿ ಕಾಣುತ್ತದೆ. ತುದಿಯಲ್ಲಿ ಸೀಳು, ಅದರ ಕೆಳಗೊಂದು ಕಚ್ಚು. ಗೆರೆಯ ಬದಿಯಲ್ಲಿ ನಾಲ್ಕಾರು ಹೆಂಗಸರು ಬಗ್ಗಿ ಹರಳು ಆರಿಸುತ್ತಿರುತ್ತಾರೆ. ಮೊನ್ನೆ ಮೈಸೂರಿನ ಕಡೆಯಿಂದ ಬಂದವರೊಬ್ಬರು ಅದರ ಫೋಟೋ ತೆಗೆದುಕೊಂಡು, ಇದು ಯಾವ ಕಾಲದ್ದಮ್ಮಾ ಎಂದು ಭಕ್ತಿಯಿಂದ ಕೇಳಿದರು.

“ಮಂಗಳವಾರದ್ದರಿ,” ಎಂದಳು ಒಬ್ಬಳು, ತಲೆ ಎತ್ತದೆ. “ಇನ್ನೂ ಮುಗದಿಲ್ಲ. ಸೊಲ್ಪ ಅತ್ಲಾಗ ಸರೀರಿ ಯಪ್ಪಾ, ಕಿವಿ ಮ್ಯಾಲ ನಿಂತೀರಿ.”